ಟಿಕ್ ಎಂದಿತು, ಆದರೆ...

ಹಾರ್ನ್ ಇಲ್ಲದೆ ನಮ್ಮೂರ ರಸ್ತೆಯಲ್ಲಿ ಕಾರು ಓಡಿಸುವುದೆಂದರೆ ಬಾಯಿ ಬಿಡದೆ ಸಂತೆ ವ್ಯಾಪಾರ ಮಾಡಿದ ಹಾಗೆ. ನಿವೃತ್ತ ಗಣಿತದ ಮೇಷ್ಟ್ರ ಹಳೆಯ ಕಾರು ಒಂದು ಸೋಮವಾರ ಮೌನವ್ರತ ಹಿಡಿಯಿತು. ಮುಂದಿನ ಲಾರಿಯ ಬೆನ್ನ ಮೇಲೆ ‘ಸೌಂಡ್ ಹಾರ್ನ್’ ಎಂಬ ದಪ್ಪಕ್ಷರದ ಆಹ್ವಾನ. ಮೇಷ್ಟ್ರು ಒತ್ತಿದ್ದೇ ಒತ್ತಿದ್ದು. ಕೊನೆಗೆ ಕಿಟಕಿಯಿಂದ ತಲೆ ಹೊರಹಾಕಿ “ಸ್ವಾಮೀ!” ಎಂದು ಕೂಗಿ ದಾರಿ ಬಿಡಿಸಿಕೊಂಡರು.

“ಎಲೆಕ್ಟ್ರಿಷಿಯನ್ ಹತ್ರ ತಗೊಂಡ್ಹೋಗ್ರೀ” ಎಂದರು ಮನೆಯಾಕೆ. ಮೇಷ್ಟ್ರು ಆಗಲೇ ಮಲ್ಟಿಮೀಟರ್ ಹುಡುಕುತ್ತಿದ್ದರು.

ಫ್ಯೂಸ್ ಸರಿಯಿತ್ತು. ಅದರ ಪಕ್ಕದಲ್ಲಿ ಪುಟ್ಟ ಬೆಲ್ಲದಚ್ಚಿನಷ್ಟು ಕಪ್ಪು ಡಬ್ಬಿ: ರಿಲೇ. ಇದರ ಕೆಲಸ ಸರ್ಕಾರಿ ಕಚೇರಿ ಕಂಡವರಿಗೆ ಹೊಸದಲ್ಲ. ಸಾಹೇಬರು ಬೆರಳಲ್ಲಿ ಬೆಲ್ ಒತ್ತುತ್ತಾರೆ, ಫೈಲಿನ ಗಂಟು ಹೊರುವವನು ಜವಾನ. ಹಾರ್ನ್ ಬಟನ್ನಿಂದ ಬರುವ ಚೂರು ಕರೆಂಟು ಒಳಗಿನ ಕಾಯಿಲನ್ನು ಅಯಸ್ಕಾಂತವಾಗಿಸುತ್ತದೆ. ಅದು ಪಾಯಿಂಟ್‌ಗಳನ್ನು ಎಳೆದು ಕೂಡಿಸಿದರೆ ಬ್ಯಾಟರಿಯ ದೊಡ್ಡ ಕರೆಂಟು ಹಾರ್ನ್‌ಗೆ ನುಗ್ಗುತ್ತದೆ. ಹೆಸರು ಬಂದದ್ದು ಕುದುರೆಗಳಿಂದ. ದೂರ ಪ್ರಯಾಣದಲ್ಲಿ ದಣಿದವನ್ನು ಬಿಚ್ಚಿ ಕಟ್ಟುತ್ತಿದ್ದ ಹೊಸ ಕುದುರೆಗಳಿಗೆ ಯುರೋಪಿನಲ್ಲಿ ಆ ಹೆಸರಿತ್ತು. ಚೀಲವನ್ನು ಕೈಯಿಂದ ಕೈಗೆ ದಾಟಿಸಿ ಓಡುತ್ತಿದ್ದ ನಮ್ಮ ಅಂಚೆಯವರೂ ಮಾಡಿದ್ದು ಅದನ್ನೇ.

ಡಬ್ಬಿ ಕಿತ್ತರೆ ಅಡಿಯಲ್ಲಿ ನಾಲ್ಕು ಕಾಲು: 30, 85, 86, 87. ಇದ್ಯಾವ ಶ್ರೇಢಿ ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. ಯಾವ ಶ್ರೇಢಿಯೂ ಅಲ್ಲ, ಜರ್ಮನ್ನರು ವಾಹನದ ವೈರುಗಳಿಗೆ ಕೊಟ್ಟ ನಂಬರು. 85, 86 ಕಾಯಿಲಿನವು, 30ಕ್ಕೆ ಬ್ಯಾಟರಿ, 87ರಿಂದ ಹಾರ್ನ್‌ಗೆ.

ಕಾಯಿಲಿಗೆ ಮೀಟರ್ ಹಿಡಿದರೆ 80 ಓಮ್. ಆರೋಗ್ಯವಂತ! ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟರು. ಟಿಕ್! 30 ಮತ್ತು 87ರ ನಡುವೆ ಮೀಟರ್ ‘ಬೀಪ್’ ಎಂದಿತು. “ರಿಲೇ ಪಾಸು” ಎಂದು ಘೋಷಿಸಿ, ಮೂರು ದಿನ ಹಾರ್ನನ್ನೂ ಅದರ ವೈರುಗಳನ್ನೂ ಬಿಚ್ಚಿ ಜೋಡಿಸಿದರು. ಕಾರು ಮಾತಾಡಲಿಲ್ಲ.

ನಾಲ್ಕನೆಯ ದಿನ ಬುದ್ಧಿ ಹೊಳೆಯಿತು. ಮೀಟರಿನ ಬೀಪು ಬಲು ಉದಾರಿ ಪರೀಕ್ಷಕ. ಹತ್ತಿಪ್ಪತ್ತು ಓಮ್ ಅಡ್ಡಿಯಿದ್ದರೂ ಪಾಸು ಮಾಡೀತು, ಏಕೆಂದರೆ ಅದು ಕಳಿಸುವುದೇ ಮಿಲಿಆಂಪಿಯರ್ ಲೆಕ್ಕದ ಕರೆಂಟು. ಭಾರ ಹೊರಿಸದೆ ಎತ್ತನ್ನು ಕೊಂಡವರುಂಟೇ? ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು 87ಕ್ಕೆ ಕಟ್ಟಿದರು. 60 ವ್ಯಾಟನ್ನು 12ರಿಂದ ಭಾಗಿಸಿದರೆ 5 ಆಂಪಿಯರ್. ಈ ಲೆಕ್ಕದಲ್ಲಂತೂ ಮೇಷ್ಟ್ರು ತಪ್ಪುವವರಲ್ಲ. ಟಿಕ್ ಎಂದಿತು, ಬಲ್ಬು ಮಾತ್ರ ದೇವರ ಮನೆಯ ದೀಪದಷ್ಟು ಉರಿಯಿತು. ಅಳೆದರೆ 30 ಮತ್ತು 87ರ ನಡುವೆಯೇ 4 ವೋಲ್ಟ್ ನುಂಗಿಹೋಗಿದೆ. ಮುಚ್ಚಳ ತೆಗೆದರೆ ಪಾಯಿಂಟ್‌ಗಳು ಸೀದ ರೊಟ್ಟಿಯಂತೆ ಕಪ್ಪಗಿದ್ದವು.

ಗ್ಯಾರೇಜಿನ ಹುಡುಗರು ಇಷ್ಟಕ್ಕೆಲ್ಲ ಹೋಗುವುದಿಲ್ಲ. ಅದೇ ನಮೂನೆಯ ಇನ್ನೊಂದು ರಿಲೇ ಕಿತ್ತು ಹಾಕಿ ನೋಡುತ್ತಾರೆ, ಒಂದೇ ನಿಮಿಷ. ಮೇಷ್ಟ್ರಿಗೂ ಕೊನೆಗೆ ಅದೇ ದಾರಿಯಾಯಿತು: ಏಸಿಯ ರಿಲೇ ಹಾರ್ನ್‌ಗೆ, ಹಾರ್ನಿನದು ಏಸಿಗೆ. “ಒತ್ತೇ!” ಎಂದರು. ಮನೆಯಾಕೆ ಒತ್ತಿದರು. ಬೀದಿಯ ನಾಯಿಗಳೆಲ್ಲ ಎದ್ದು ನಿಂತವು.

ಭಾನುವಾರ ಉರಿಬಿಸಿಲಲ್ಲಿ ಮದುವೆಗೆ ಹೊರಟಾಗ ರೇಷ್ಮೆ ಸೀರೆಯ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಮನೆಯಾಕೆ ಕೇಳಿದರು, “ಏನ್ರೀ, ಏಸಿಯಿಂದ ಬಿಸಿಗಾಳಿ ಬರ್ತಿದೆಯಲ್ಲ?”

ಮೇಷ್ಟ್ರು ಖಾಲಿ ರಸ್ತೆಯಲ್ಲಿ ಉದ್ದಕ್ಕೆ ಹಾರ್ನ್ ಒತ್ತಿದರು.