ಚಳಿಗಾಲಕ್ಕೊಂದು ಬಕೆಟ್ಟು

ಆಲ್ಪ್ಸ್ ಅಂದರೆ ನಮ್ಮ ಪಕ್ಕದ ಮನೆ ಮೇಷ್ಟ್ರಿಗೆ ಸಿನಿಮಾ ಹಾಡು ಜ್ಞಾಪಕಕ್ಕೆ ಬರುತ್ತದೆ. ಹಿಮದ ಮೇಲೆ ನಾಯಕಿ ತೆಳು ಸೀರೆಯಲ್ಲಿ ಓಡುತ್ತಾಳೆ. ಸ್ವೆಟರು, ಕೋಟು, ಮಫ್ಲರು ಎಲ್ಲ ಹೊದ್ದ ನಾಯಕ ಹಿಂದಿನಿಂದ ಓಡುತ್ತಾನೆ. ಹಾಗಾಗಿ ನಾನು ರಜಕ್ಕೆ ಮೈಸೂರಿಗೆ ಬಂದಾಗ ಕಾಂಪೌಂಡು ಗೋಡೆಯಾಚೆಯಿಂದ ಅವರದು ಒಂದೇ ವಿಚಾರಣೆ. "ಅಲ್ಲಯ್ಯಾ, ಮ್ಯೂನಿಕ್ಕಿನಲ್ಲಿ ಒಳ್ಳೇ ಬೆಚ್ಚಗಿರೋ ಮನೆ ಇಟ್ಕೊಂಡು, ವ್ಯಾನಲ್ಲಿ ಮಲಗೋಕೆ ಬೆಟ್ಟಕ್ಕೆ ಹೋಗ್ತೀಯಂತಲ್ಲ. ಬೇಸಿಗೇಲಿ ಸರಿ. ಜನವರೀಲೂನಾ?"

ಜನವರೀಲೂ, ಮೇಷ್ಟ್ರೇ. ಊರಿನ ಹೆಸರು ಲಿವಿನ್ಯೊ. ಇಟಲಿಯ ಉತ್ತರದ ಅಂಚಿನಲ್ಲಿದೆ, ಬೆಟ್ಟದ ಆಚೆ ಸ್ವಿಟ್ಜರ್ಲೆಂಡು. ಎತ್ತರ 1816 ಮೀಟರ್.

"ಅಷ್ಟೇನಾ? ನಮ್ಮ ಮುಳ್ಳಯ್ಯನಗಿರಿ 1900 ದಾಟುತ್ತೆ!" ಭೂಗೋಳ ಕಲಿಸಿ ನಿವೃತ್ತರಾದವರು, ಬಿಡುತ್ತಾರೆಯೇ?

ದಾಟುತ್ತೆ, ಆದರೆ ಅದು ತುದಿ. ಇಲ್ಲಿ 1816 ಅನ್ನುವುದು ಕಣಿವೆಯ ತಳ. ಬೆಟ್ಟಗಳು ಅಲ್ಲಿಂದ ಮೇಲಕ್ಕೆ ಶುರುವಾಗುತ್ತವೆ. ಇದೇ ಪಂಚಾಯಿತಿಗೆ ಸೇರಿದ ತ್ರೆಪಾಲೆ ಎಂಬ ಹಳ್ಳಿ 2000 ಮೀಟರಿಗಿಂತ ಮೇಲಿದೆ. ಯುರೋಪಿನಲ್ಲಿ ವರ್ಷವಿಡೀ ಜನ ವಾಸ ಮಾಡುವ ಅತಿ ಎತ್ತರದ ಹಳ್ಳಿಗಳಲ್ಲಿ ಅದೊಂದು. ಮೇಷ್ಟ್ರನ್ನು ಸುಮ್ಮನಾಗಿಸಿದ್ದು ಇದಲ್ಲ, ಹೊಳೆಯ ವಿಷಯ. ಆಲ್ಪ್ಸ್‌ನ ಇಟಲಿ ಕಡೆಯ ನೀರು ಪೊ ನದಿಗೋ ಏಡ್ರಿಯಾಟಿಕ್ ಸಮುದ್ರಕ್ಕೋ ಹೋಗುತ್ತದೆ ಎಂದು ಅವರು ಮಕ್ಕಳಿಗೆ ಪಾಠ ಹೇಳಿದವರು. ಲಿವಿನ್ಯೊದ ಸ್ಪೋಲ್ ಹೊಳೆ ಮಾತ್ರ ಉತ್ತರಕ್ಕೆ ಹರಿದು ಸ್ವಿಟ್ಜರ್ಲೆಂಡಿನಲ್ಲಿ ಇನ್ ನದಿಯನ್ನು ಸೇರುತ್ತದೆ, ಇನ್ ಡಾನ್ಯೂಬನ್ನು, ಡಾನ್ಯೂಬ್ ಕಪ್ಪು ಸಮುದ್ರವನ್ನು. ನಾನು ಮ್ಯೂನಿಕ್ಕಿನಿಂದ ಹೊರಟರೆ ಲಾಂಡೆಕ್ ಆದಮೇಲೆ ಗಾಡಿಗೂ ಹೊಳೆಗೂ ಒಂದೇ ಕಣಿವೆ, ದಿಕ್ಕು ಮಾತ್ರ ಎದುರುಬದುರು. "ಹಂಗಾದ್ರೆ ಅದು ಇಟಲಿಯೇ ಅಲ್ಲ ಬಿಡು" ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ತೀರ್ಪು ಅಷ್ಟೇನೂ ತಪ್ಪಲ್ಲ. ಊರಿಗೆ ಇರುವುದು ಮೂರೇ ದಾರಿ. ಬೊರ್ಮಿಯೊ ಕಡೆಯಿಂದ ಫೊಸ್ಕಾನ್ಯೊ ಘಾಟಿ, 2291 ಮೀಟರ್. ಇಟಲಿಯ ಒಳಗಿನಿಂದಲೇ ಬರಬೇಕೆಂದರೆ ಇದೊಂದೇ ಗತಿ. ಬೆರ್ನಿನಾ ಕಡೆಯಿಂದ ಫೊರ್ಕೊಲಾ ಘಾಟಿ, 2315 ಮೀಟರ್, ಚಳಿಗಾಲ ಪೂರ್ತಿ ಬಂದ್. ಮೂರನೆಯದು ಸ್ವಿಸ್ ಕಡೆಯಿಂದ ಬೆಟ್ಟ ಕೊರೆದ ಮುಂಟ್ ಲಾ ಸ್ಕೆರಾ ಸುರಂಗ, ಸುಮಾರು ಮೂರೂವರೆ ಕಿಲೋಮೀಟರ್. 1960ರ ದಶಕದಲ್ಲಿ ಅಣೆಕಟ್ಟು ಕಟ್ಟುವ ಸಾಮಾನು ಸಾಗಿಸಲು ತೋಡಿದ್ದು. ಒಂದೇ ಗಾಡಿಯ ಅಗಲ, ದುಡ್ಡು ಕೊಟ್ಟು ಒಳಗೆ ಹೋಗಬೇಕು, ಎದುರಿನವರು ಬಂದು ಮುಗಿಯುವ ತನಕ ಕೆಂಪು ದೀಪದ ಮುಂದೆ ಕಾಯಬೇಕು. ಚಳಿಗಾಲದ ಶನಿವಾರವಂತೂ ಹೋಟೆಲ್ ಬಿಟ್ಟು ಹೊರಡುವವರಿಗೂ ಹೊಸದಾಗಿ ಬರುವವರಿಗೂ ನೂಕುನುಗ್ಗಲು. ಇಂತಿಷ್ಟು ಹೊತ್ತು ಈ ದಿಕ್ಕು, ಇಂತಿಷ್ಟು ಹೊತ್ತು ಆ ದಿಕ್ಕು ಎಂದು ಭಾಗ ಹಾಕುತ್ತಾರೆ. ಸುರಂಗದಿಂದ ಹೊರಬಿದ್ದರೆ ನೇರ ಪುಂಟ್ ದಲ್ ಗಾಲ್ ಅಣೆಕಟ್ಟಿನ ನೆತ್ತಿ, ಕೆಳಗೆ 130 ಮೀಟರ್ ಆಳ. ಎರಡು ದೇಶದ ಗಡಿ ಆ ಗೋಡೆಯ ಮೇಲೇ ಹಾದು ಹೋಗಿದೆ.

ಇಂಥ ಊರಿನಲ್ಲಿ ನೆಲೆ ನಿಲ್ಲಲು ಜನಕ್ಕೆ ಏನಾದರೂ ಆಸೆ ತೋರಿಸಬೇಕಲ್ಲ. ನೆಪೋಲಿಯನ್ನನ ಕಾಲದಲ್ಲಿ, 1805ರಲ್ಲಿ, ಸುಂಕದ ರಿಯಾಯಿತಿ ಸಿಕ್ಕಿತು. ಇಟಲಿ ಸರ್ಕಾರ 1910ರಲ್ಲಿ ಅದನ್ನೇ ಮುಂದುವರಿಸಿತು. ಈಗಲೂ ಅಲ್ಲಿ ವ್ಯಾಟ್ ಇಲ್ಲ. ಒಂದು ಕಾಲಕ್ಕೆ ಚಳಿಗಾಲ ಬಂತೆಂದರೆ ತಿಂಗಳುಗಟ್ಟಲೆ ಹೊರಗಿನ ಮುಖ ಕಾಣದೆ ಬದುಕುತ್ತಿದ್ದವರಿಗೆ ಕೊಟ್ಟ ಸವಲತ್ತು ಅದು. ಈಗ ಬೀದಿ ತುಂಬ ಸೆಂಟು, ಸಿಗರೇಟು, ವಿಸ್ಕಿ ಅಂಗಡಿ. ಡೀಸೆಲ್ಲೂ ಅಗ್ಗ. ವಾಪಸ್ ಹೊರಟಾಗ ಸುಂಕದವರು ಕೈ ಅಡ್ಡ ಹಿಡಿದರೆ ನಿಮ್ಮ ಊರು ಕೇರಿ ವಿಚಾರಿಸುವುದಿಲ್ಲ, ಬಾಟಲಿ ಎಷ್ಟು ಅಂತಾರೆ. ವ್ಯಾನಿನವರ ಮೇಲೆ ಅವರಿಗೆ ಸ್ವಲ್ಪ ಜಾಸ್ತಿ ಪ್ರೀತಿ. ಬೀರು, ಮಂಚದಡಿ, ಮೂಲೆಮುಡುಕು ಎಲ್ಲ ಇರುವ ಗಾಡಿ ನೋಡಿ.

ಬೇಸಿಗೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಹುಲ್ಲು, ಹೂವು, ಹಸುವಿನ ಕೊರಳ ಗಂಟೆ. ತೆಳು ಗಾಳಿಯಲ್ಲಿ ದಮ್ಮು ಗಟ್ಟಿ ಮಾಡಿಕೊಳ್ಳಲು ಬಂದ ಸೈಕಲ್ ಸ್ಪರ್ಧಿಗಳು ಹಿಂಡು ಹಿಂಡಾಗಿ ಘಾಟಿ ಹತ್ತುತ್ತಿರುತ್ತಾರೆ. ಗಾಡಿ ನಿಲ್ಲಿಸು, ಬಾಗಿಲು ತೆಗೆ, ಕಾಫಿ ಕಾಯಿಸು, ಮುಗಿಯಿತು. ನನಗೆ ಸೋಜಿಗ ಎನಿಸಿದ್ದು ಒಂದೇ. ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಮೇಲೆ ಮರದ ಹೊಟ್ಟು ಮುಚ್ಚಿ ಕಾಪಾಡಿ, ಆಗಸ್ಟಿನಲ್ಲಿ ಹರಡಿ ಅದರ ಮೇಲೆ ಸ್ಕೀ ಓಡುತ್ತಾರೆ. "ಇದೇನು ಮಹಾ! ನಮ್ಮ ಕಾಲದಲ್ಲಿ ಐಸ್ ಗಡ್ಡೇನ ಹಿಂಗೇ ಹೊಟ್ಟಲ್ಲಿ ಹೂತಿಟ್ಟು ಮಾರ್ತಿದ್ರು" ಎಂದರು ಮೇಷ್ಟ್ರು.

ಚಳಿಗಾಲದ್ದು ಬೇರೆಯೇ ಕಥೆ, ಆ ಕಥೆಯೆಲ್ಲ ನೀರಿನದು. ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಸುದ್ದಿಯೇ ಅಲ್ಲ. ತಣ್ಣನೆ ಗಾಳಿ ಭಾರ, ಇಳಿಜಾರಿನಿಂದ ಜಾರಿ ಕಣಿವೆಯ ತಳದಲ್ಲಿ ಬೀಡು ಬಿಡುತ್ತದೆ. ಹೊಳೆ ಪಕ್ಕದ ಚೆಂದದ ಜಾಗವೇ ಎಲ್ಲಕ್ಕಿಂತ ಕೊರೆಯುವ ಜಾಗ. ನೂರು ಮೀಟರ್ ಮೇಲೆ ನಿಂತರೆ ಚಳಿ ಎಷ್ಟೋ ಕಡಿಮೆ. ವ್ಯಾನಿನ ಹೊಟ್ಟೆಯಡಿ ಮುಸುರೆ ನೀರಿನ ಟ್ಯಾಂಕು ನೇತಾಡುತ್ತಿರುತ್ತದೆ. ಅದು ಗಡ್ಡೆ ಕಟ್ಟಿದರೆ ಸಿಂಕಿನ ನೀರು ಇಳಿಯದು, ಹಿಗ್ಗಿ ಟ್ಯಾಂಕು ಸೀಳಿದರೂ ಸೀಳೀತು. ಬಲ್ಲವರು ಮಾಡುವುದಿಷ್ಟೇ: ಟ್ಯಾಂಕಿನ ಬಾಯಿ ತೆರೆದಿಟ್ಟು ಕೆಳಗೊಂದು ಬಕೆಟ್ಟು ಇಡುವುದು. ಬೆಳಗ್ಗೆ ಬಕೆಟ್ಟಿನಲ್ಲಿ ಕಟ್ಟಿದ ಗಡ್ಡೆಯನ್ನು ಕೊಳಕು ನೀರು ಸುರಿಯುವ ಜಾಗಕ್ಕೆ ಹೊತ್ತು ಹಾಕುವುದು. ಲಕ್ಷಾಂತರದ ಗಾಡಿ, ಕಾಪಾಡುವುದು ಪ್ಲಾಸ್ಟಿಕ್ ಬಕೆಟ್ಟು!

"ಮತ್ತೆ... ಅದು?" ಎಂದು ಮೇಷ್ಟ್ರು ದನಿ ತಗ್ಗಿಸಿದರು. ಕಕ್ಕಸಿನ ಪೆಟ್ಟಿಗೆ ಗಾಡಿಯ ಒಳಗಿನ ಬಿಸುಪಿನಲ್ಲೇ ಇರುವುದರಿಂದ ಹೆಪ್ಪುಗಟ್ಟುವುದಿಲ್ಲ. ಎಳೆದುಕೊಂಡು ಹೋಗಿ ಸುರಿದು ಬರುವುದು ಯಜಮಾನನ ಕೆಲಸ. ಯಜಮಾನ ಅಂದರೆ ಯಾರು ಅನ್ನುವುದು ಅವರವರ ಮನೆಯ ವಿಚಾರ.

ಆಮೇಲೆ ಗ್ಯಾಸು. ಸಿಲಿಂಡರಿನಲ್ಲಿ ಬ್ಯೂಟೇನ್ ಇದ್ದರೆ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಒಲೆಯೂ ಇಲ್ಲ ಹೀಟರೂ ಇಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಕೈ ಕೊಡದು. ಕೇಳಿ ಪ್ರೊಪೇನೇ ತರಬೇಕು. ಕಡು ಚಳಿಯಲ್ಲಿ ಹೀಟರ್ ಬಿಡದೆ ಉರಿದರೆ 11 ಕಿಲೋ ಸಿಲಿಂಡರು ಎರಡು ಮೂರು ದಿನಕ್ಕೆ ಖಾಲಿ. ಕೆಳಗಿನ ಊರಿನಲ್ಲಿ ತುಂಬಿಸಿದ ಬೇಸಿಗೆ ಡೀಸೆಲ್ಲಿನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ. ಲಿವಿನ್ಯೊ ಬಂಕಿನ ಚಳಿಗಾಲದ ಡೀಸೆಲ್ಲೇ ಬೇಕು. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಬೆಳಗ್ಗೆ ಹಿಡಿದುಕೊಂಡಿರುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡಬೇಕು. ರಾತ್ರಿ ಹಿಮ ಬಿದ್ದರೆ ಎದ್ದ ಕೂಡಲೇ ಮೊದಲ ಕೆಲಸ ಹಲ್ಲುಜ್ಜುವುದಲ್ಲ, ಚಾವಣಿ ಹತ್ತಿ ಹೀಟರಿನ ಹೊಗೆ ಕೊಳವೆಯ ಬಾಯಿ ಬಿಡಿಸುವುದು. ಅದು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡು ಒಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ. ಅಲಾರಂ ಇಲ್ಲದ ಗಾಡಿಯಲ್ಲಿ ನಾನು ಮಲಗುವುದಿಲ್ಲ.

ಇಷ್ಟು ಹೊತ್ತು ಅಡುಗೆ ಮನೆ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದ ಮೇಷ್ಟ್ರ ಮನೆಯವರು ಕೇಳಿದ್ದು ಮಾತ್ರ ಪಕ್ಕಾ ಪ್ರಶ್ನೆ: "ಅನ್ನ ಸಾರು ಆಗತ್ತೇನಪ್ಪಾ ಅಲ್ಲಿ?" ಆಗುತ್ತೆ ಅಮ್ಮಾ, ಕುಕ್ಕರ್ ಇದ್ದರೆ. ಆ ಎತ್ತರದಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ, ಬರೀ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವಷ್ಟರಲ್ಲಿ ಗ್ಯಾಸು ಮುಗಿದಿರುತ್ತದೆ. ಬೇಸರವಾದರೆ ಹೋಟೆಲಿನಲ್ಲಿ ಪಿತ್ಸೊಕ್ಕೆರಿ ಸಿಗುತ್ತದೆ: ಬಕ್‌ವೀಟ್ ಹಿಟ್ಟಿನ ಅಗಲ ಶಾವಿಗೆ, ಜೊತೆಗೆ ಕೋಸು, ಆಲೂಗೆಡ್ಡೆ, ಮೇಲೆ ಚೀಸು, ಬೆಳ್ಳುಳ್ಳಿ ಹಾಕಿ ಕಾಸಿದ ಬೆಣ್ಣೆ. ಮಾಂಸ ಮುಟ್ಟದವರಿಗೂ ನಡೆಯುತ್ತದೆ. ಉಪ್ಪಿನಕಾಯಿ ನಮ್ಮದಿರಲಿ.

ಅತ್ಯಂತ ಕಷ್ಟದ ಕಾಲ ಜನವರಿಯಲ್ಲ, ಮೇ ತಿಂಗಳು. ಸ್ಕೀ ಮುಗಿದಿರುತ್ತದೆ, ಹುಲ್ಲು ಬಂದಿರುವುದಿಲ್ಲ, ಫೊರ್ಕೊಲಾ ತೆರೆದಿರುವುದಿಲ್ಲ. ಎಲ್ಲೆಲ್ಲೂ ಕರಗಿದ ಕೆಸರು. ಹೋಟೆಲಿನವರು ಬಾಗಿಲು ಹಾಕಿ ತಾವೇ ಸಮುದ್ರ ನೋಡಲು ಹೋಗಿರುತ್ತಾರೆ. ನನಗೆ ಆ ಊರು ನಿಜವಾಗಿ ಪರಿಚಯವಾದದ್ದು ಆಗಲೇ. ಗಿರಾಕಿಯ ಕಾಟವಿಲ್ಲದ ಜನ ಬಾಗಿಲಿಗೆ ಬಣ್ಣ ಹೊಡೆಯುತ್ತಾ, ಬೇಲಿ ರಿಪೇರಿ ಮಾಡುತ್ತಾ, ನಿಂತು ಮಾತಾಡುತ್ತಾರೆ. 2026ರ ಫೆಬ್ರವರಿಯಲ್ಲಿ ಚಳಿಗಾಲದ ಒಲಿಂಪಿಕ್ಸಿನ ಸ್ನೋಬೋರ್ಡು, ಫ್ರೀಸ್ಟೈಲ್ ಸ್ಕೀ ಅಲ್ಲೇ ನಡೆದವು, ಪ್ರಪಂಚವೆಲ್ಲ ಟಿವಿಯಲ್ಲಿ ನೋಡಿತು. ಕೆಸರಿನ ಲಿವಿನ್ಯೊ ತೋರಿಸುವ ಟಿವಿ ಇಲ್ಲ. ಹೋಟೆಲಿನಲ್ಲಿ ಒಂದು ವಾರ ಇದ್ದು ಬಂದವರು ಊರು ನೋಡಿದೆವು ಅಂದರೆ ನಾನಂತೂ ಒಪ್ಪುವುದಿಲ್ಲ.

"ದುಡ್ಡಿಲ್ಲದೆ ಎಲ್ಲಿ ಬೇಕಾದ್ರೂ ನಿಲ್ಲಿಸಬಹುದೋ?" ಎಂದರು ಮೇಷ್ಟ್ರು. ಇಟಲಿಯ ಸಂಚಾರ ಕಾನೂನಿನ 185ನೇ ವಿಧಿ ಇದಕ್ಕೆಂದೇ ಇದೆ. ಗಾಡಿ ತನ್ನ ಚಕ್ರದ ಮೇಲಷ್ಟೇ ನಿಂತಿದ್ದರೆ, ಮುಸುರೆ ಹೊರಗೆ ಬಿಡದಿದ್ದರೆ, ತನ್ನ ಅಳತೆ ಮೀರಿ ಜಾಗ ಹಿಡಿಯದಿದ್ದರೆ ಅದು ಬರೀ ಪಾರ್ಕಿಂಗ್, ಒಳಗೆ ಗೊರಕೆ ಹೊಡೆದರೂ ಸರಿ. ನೆರಳಿನ ಬಟ್ಟೆ ಬಿಚ್ಚಿ ಹೊರಗೆ ಕುರ್ಚಿ ಹಾಕಿದಿರೋ, ಅದು ಕ್ಯಾಂಪಿಂಗ್. ಅದರ ಮೇಲೆ ಊರಿನ ಪಂಚಾಯಿತಿ ಹಾಕಿದ ಬೋರ್ಡು ಬೇರೆ ಓದಬೇಕು. ಚಳಿಗಾಲದಲ್ಲಿ ಕರೆಂಟು ಕೊಡುವ ಕ್ಯಾಂಪಿಂಗ್ ಜಾಗಕ್ಕೆ ದುಡ್ಡು ಕೊಟ್ಟು ನಿಲ್ಲಿಸುವುದೇ ವಾಸಿ. ಊರೊಳಗೆ ಬಸ್ಸು ಪುಕ್ಕಟೆ, ಗಾಡಿ ಅಲ್ಲಾಡಿಸುವ ಅಗತ್ಯವೇ ಇಲ್ಲ.

ಮೇಷ್ಟ್ರು ಮಗಳ ಮನೆಗೆಂದು ಜರ್ಮನಿಗೆ ಬರುವವರಿದ್ದಾರೆ, ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬಾಡಿಗೆ ಗಾಡಿ ಹಿಡಿಯುವ ಮುನ್ನ ಬಗ್ಗಿ ಅದರ ಅಡಿ ನೋಡಿ. ನೀರಿನ ಟ್ಯಾಂಕು, ಕೊಳವೆ ಎಲ್ಲ ಬೆಚ್ಚಗಿನ ನೆಲದೊಳಗೆ ಹುದುಗಿದ್ದರೆ ಯಾವ ತಿಂಗಳಾದರೂ ಹೊರಡಿ. ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಟೈರು ಅಥವಾ ಚೈನು ಮಾತ್ರ ಮರೆಯಬೇಡಿ. ಟ್ಯಾಂಕು ಹೊರಗೆ ನೇತಾಡುತ್ತಿದ್ದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಹೋಗಿ ಬಂದುಬಿಡಿ.