ಅಧ್ಯಕ್ಷರು ಕಥೆ ಹೇಳುತ್ತಾರೆ

ಚಾರಿತ್ರಿಕ ಸಿನಿಮಾ ಹೇಗಿರಬೇಕೆಂಬುದು ನನ್ನಂಥವರ ಪಾಲಿಗೆ ‘ಇಮ್ಮಡಿ ಪುಲಿಕೇಶಿ’, ‘ಮಯೂರ’ ನೋಡಿದ ದಿನವೇ ತೀರ್ಮಾನವಾಗಿಹೋಗಿದೆ. ರಾಜಕುಮಾರ್ ಒರೆಯಿಂದ ಕತ್ತಿ ಹಿರಿದರೆ ಟೆಂಟಿನ ಕೊನೆಯಲ್ಲಿ ಕೂತವನಿಗೂ ಮೈ ಜುಮ್ಮೆನ್ನಬೇಕು. ಮಾತು ಗುಡುಗಬೇಕು. ಶತ್ರು ಸೋಲುವ ಮೊದಲೇ ಶಿಳ್ಳೆ ಬೀಳಬೇಕು.

ಇಂಥ ಸಂಸ್ಕಾರ ಹೊತ್ತು ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಲಿಂಕನ್’ (2012) ನೋಡಲು ಕೂತರೆ ಮೊದಮೊದಲು ಸಂಕಟವೇ. ದೇಶದಲ್ಲಿ ಅಂತರ್ಯುದ್ಧ ನಡೆದಿದೆ. ಅಧ್ಯಕ್ಷರು ನೋಡಿದರೆ ಶಾಲು ಹೊದ್ದು, ಬೆನ್ನು ಬಾಗಿಸಿ, ಕಾಲೆಳೆಯುತ್ತ ಓಡಾಡುತ್ತಾರೆ. ಬಾಯಿ ತೆರೆದರೆ ಗುಡುಗೂ ಇಲ್ಲ, ಸಿಡಿಲೂ ಇಲ್ಲ. ತೆಳ್ಳಗಿನ, ಕೊಂಚ ಕೀರಲು ದನಿ.

ಆ ದನಿಯನ್ನು ಡೇನಿಯಲ್ ಡೇ-ಲೂಯಿಸ್ ಬೇಕೆಂದೇ ಆರಿಸಿಕೊಂಡದ್ದು. ಲಿಂಕನ್ನರ ಭಾಷಣ ಕೇಳಿದ್ದವರು ಅವರದು ಏರುಶ್ರುತಿಯ ದನಿ ಎಂದೇ ಬರೆದಿಟ್ಟಿದ್ದಾರೆ. ಒಂದು ವರ್ಷ ತಯಾರಿ ನಡೆಸಿದ ಈ ಇಂಗ್ಲಿಷ್ ನಟ, ಚಿತ್ರೀಕರಣ ಮುಗಿಯುವವರೆಗೂ ಅಮೆರಿಕದ ಉಚ್ಚಾರಣೆ ಬಿಡಲಿಲ್ಲ. ನಿರ್ದೇಶಕರೇ ಸೂಟು ತೊಟ್ಟು ಬಂದು ‘ಮಿಸ್ಟರ್ ಪ್ರೆಸಿಡೆಂಟ್’ ಎನ್ನುತ್ತಿದ್ದರು. ಪತ್ನಿಯ ಪಾತ್ರದ ಸ್ಯಾಲಿ ಫೀಲ್ಡ್‌ಗೆ ಕಳಿಸುತ್ತಿದ್ದ ಮೊಬೈಲ್ ಸಂದೇಶಗಳೂ ಹತ್ತೊಂಬತ್ತನೇ ಶತಮಾನದ ಧಾಟಿಯಲ್ಲೇ. ಕೆಳಗೆ ‘ಎ’ ಎಂದು ಅಬ್ರಹಾಮನ ಸಹಿ! ನಮ್ಮೂರ ನಾಟಕದ ದುರ್ಯೋಧನ, ಪರದೆ ಬಿದ್ದ ಮರುಕ್ಷಣ ಕಿರೀಟವನ್ನೂ ತೆಗೆಯದೆ ಭೀಮನ ಹತ್ತಿರ ಬೀಡಿಗೆ ಬೆಂಕಿ ಕೇಳುತ್ತಿದ್ದ.

ಈ ಲಿಂಕನ್ ನನ್ನನ್ನು ಪೂರ್ತಿ ಗೆದ್ದದ್ದು ಕಥೆ ಹೇಳಿ. ವಿಲ್ಮಿಂಗ್ಟನ್ ಕಾಳಗದ ಸುದ್ದಿಗಾಗಿ ತಂತಿ ಕಚೇರಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿರುವಾಗ, ಸಾಲ ವಾಪಸು ಕೇಳಲು ಹೋದವನಿಗೆ ಹಳೇ ಪುರಾಣ ಬಿಚ್ಚುವ ದೊಡ್ಡಪ್ಪನ ಹಾಗೆ ಅಧ್ಯಕ್ಷರು ಶುರುಮಾಡುತ್ತಾರೆ. ಯುದ್ಧ ಸಚಿವ ಸ್ಟ್ಯಾಂಟನ್, ನಿಮ್ಮ ಇನ್ನೊಂದು ಕಥೆ ಕೇಳುವ ಶಕ್ತಿ ನನಗಿಲ್ಲವೆಂದು ಕಿರುಚಿ ಎದ್ದೇ ಹೋಗುತ್ತಾನೆ. ಇವರಿಗೆ ಅದರ ಪರಿವೆಯೇ ಇಲ್ಲ. ಇಂಗ್ಲೆಂಡಿನವರೊಬ್ಬರು ಜಾರ್ಜ್ ವಾಷಿಂಗ್ಟನ್ನರ ಪಟವನ್ನು ಕಕ್ಕಸಿನಲ್ಲಿ ನೇತುಹಾಕಿದ್ದು, ಅತಿಥಿಯಾಗಿ ಹೋದ ಅಮೆರಿಕದ ವೀರ ಈಥನ್ ಆಲನ್ ಅದು ತಕ್ಕ ಜಾಗವೇ ಎಂದದ್ದು: ವಾಷಿಂಗ್ಟನ್ನರ ಮುಖ ಕಂಡರೆ ಇಂಗ್ಲಿಷರಿಗೆ ಹೊಟ್ಟೆ ತಾನಾಗಿ ಸಡಿಲವಾಗುತ್ತದಲ್ಲ! ಹೇಳಿ ಮುಗಿಸಿ, ಎಲ್ಲರಿಗಿಂತ ಹೆಚ್ಚು ನಗುವವರೂ ಅಧ್ಯಕ್ಷರೇ. ಕಲ್ಲಿನ ವಿಗ್ರಹವಾಗಿ ಕೂತುಬಿಟ್ಟಿದ್ದ ಮನುಷ್ಯನಿಗೆ ನಗು ತರಿಸಿದ ನಟನಿಗೆ ಪ್ರಶಸ್ತಿ ಕೊಡದೆ ಇನ್ನಾರಿಗೆ ಕೊಡುವುದು?

ಗುಡುಗು ಇಲ್ಲವೇ ಇಲ್ಲ ಎಂದಲ್ಲ. ಗುಲಾಮಗಿರಿ ರದ್ದುಮಾಡುವ ತಿದ್ದುಪಡಿಗೆ ಇನ್ನೂ ಮತ ಸಾಲದು ಎಂದು ಜೊತೆಗಾರರು ಕೈಚೆಲ್ಲಿದಾಗ ಒಮ್ಮೆ ಮೇಜು ಬಡಿಯುತ್ತಾರೆ. ಅಷ್ಟು ಹೊತ್ತು ಕೂಡಿಟ್ಟ ದನಿ ಅದು. ನನ್ನ ಕೈಯ ಕಾಫಿಯೇ ತುಳುಕಿತು. ವಿರೋಧ ಪಕ್ಷದವರಿಗೆ ಸರ್ಕಾರಿ ಹುದ್ದೆಯ ಆಸೆ ತೋರಿಸಿ ಮತ ಹೊಂದಿಸುವ ಸನ್ನಿವೇಶಗಳನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1865ರ ಜನವರಿ 31ರಂದು 119–56 ಮತಗಳಲ್ಲಿ ತಿದ್ದುಪಡಿ ಗೆದ್ದಿತು. ಅದೂ ಒಂದೇ ಒಂದು ರೆಸಾರ್ಟ್ ಇಲ್ಲದೆ!

ಡೇ-ಲೂಯಿಸ್‌ಗೆ ಇದು ಮೂರನೆಯ ಶ್ರೇಷ್ಠ ನಟ ಆಸ್ಕರ್. ಗಂಡಸರಲ್ಲಿ ಆ ಸಾಧನೆ ಮಾಡಿದ ಮೊದಲಿಗರು. ವೇದಿಕೆಯಲ್ಲಿ ಅವರು, ತಾನು ಮಾರ್ಗರೆಟ್ ಥ್ಯಾಚರ್ ಪಾತ್ರಕ್ಕೆ ಒಪ್ಪಿಕೊಂಡಿದ್ದೆ, ಲಿಂಕನ್ ಪಾತ್ರಕ್ಕೆ ಸ್ಪಿಲ್‌ಬರ್ಗ್ ಮೊದಲು ಬಯಸಿದ್ದು ಪಕ್ಕದಲ್ಲಿರುವ ಮೆರಿಲ್ ಸ್ಟ್ರೀಪ್‌ರನ್ನು ಎಂದು ಕೀಟಲೆ ಮಾಡಿದರು. ಅಲ್ಲೂ ಕಥೆ!

ಇದನ್ನೆಲ್ಲ ಕಂಡ ಮೇಲೆ ಮನೆಯಲ್ಲಿ ನಾನೂ ಗುಡುಗುವುದನ್ನು ಬಿಟ್ಟು ಲಿಂಕನ್ ಮಾರ್ಗ ಹಿಡಿದಿದ್ದೇನೆ. ಮೊನ್ನೆ ಹೆಂಡತಿ, “ರೀ, ಕರೆಂಟ್ ಬಿಲ್ ಕಟ್ಟಿದ್ರಾ?” ಎಂದಳು. ಶಾಲು ಸರಿಮಾಡಿಕೊಂಡು, ದನಿ ತಗ್ಗಿಸಿ, “ಒಂದಾನೊಂದು ಊರಲ್ಲಿ...” ಎಂದೆ. “ಅಯ್ಯೋ, ಮತ್ತೆ ಕಥೇನಾ? ನನ್ನ ಕೈಲಿ ಕೇಳೋಕಾಗಲ್ಲಪ್ಪ!” ಎಂದು ಕೂಗಿ, ಬಾಗಿಲು ದಢಾರನೆ ಎಳೆದುಕೊಂಡು ಹೋದಳು. ಸಿನಿಮಾವನ್ನೇ ನೋಡದೆ, ರಿಹರ್ಸಲ್ಲೂ ಇಲ್ಲದೆ ಎಂಥ ಸ್ಟ್ಯಾಂಟನ್! ಆಸ್ಕರಿನವರು ಆ ಪಾತ್ರವನ್ನು ನಾಮನಿರ್ದೇಶನಕ್ಕೂ ಪರಿಗಣಿಸಲಿಲ್ಲ. ನಮ್ಮ ಮನೆಯ ತೀರ್ಪುಗಾರರ ಮಂಡಳಿ ಮಾತ್ರ ಪೋಷಕ ಪ್ರಶಸ್ತಿಯನ್ನು ಅವಿರೋಧವಾಗಿ ಘೋಷಿಸಿತು. ಬಹುಮಾನದ ಮೊತ್ತವನ್ನು ನಾನೇ ವಿದ್ಯುತ್ ಕಚೇರಿಯ ಕೌಂಟರಿನಲ್ಲಿ ಕಟ್ಟಿಬಂದೆ.