ಬಂಧು ಉಗ್ರಾಣ: ಬಳಕೆದಾರರ ಸುರಕ್ಷತಾ ಕೈಪಿಡಿ

ಮನೆ ಸಾಮಾನು, ಗಾಡಿ ಇಡಲು ಬಾಡಿಗೆ ಖೋಲಿ ಕೊಡುವ ವ್ಯಾಪಾರವೊಂದು ಹೊರದೇಶಗಳಲ್ಲಿದೆ. ಅದಕ್ಕೆ ಸೆಲ್ಫ್ ಸ್ಟೋರೇಜ್ ಎನ್ನುತ್ತಾರೆ. ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ಕರಾರಿಗೆ ಸಹಿ ಹಾಕಬೇಕು, ಗುರುತಿನ ಚೀಟಿ ತೋರಿಸಬೇಕು. ಬೆಂಗಳೂರು, ಹೈದರಾಬಾದಿಗೂ ಇದು ಬಂದಿದೆ. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಮಾತ್ರ ಇದಕ್ಕೆ ಗಿರಾಕಿ ಹುಟ್ಟುವುದು ಕಷ್ಟ. ಇಲ್ಲಿ ಅದೇ ಸೇವೆ ಪುಕ್ಕಟೆ ಸಿಗುತ್ತದೆ. ಉಗ್ರಾಣದ ಹೆಸರು ಮಾಮಾನ ಮನೆ. ಕರಾರು ಒಂದೇ ವಾಕ್ಯದ್ದು: “ಇಟ್ಟು ಹೋಗ್ರಿ, ನಮ್ಮನಿ ಏನ್ ಬ್ಯಾರೇನು?”

ಈ ವಾಕ್ಯದಲ್ಲಿ ಅವಧಿಯಿಲ್ಲ, ಸಾಮಾನಿನ ಪಟ್ಟಿಯಿಲ್ಲ, ಹೆಗ್ಗಣದ ಜವಾಬ್ದಾರಿ ಯಾರದೆಂಬ ಉಲ್ಲೇಖವೂ ಇಲ್ಲ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಎಷ್ಟೋ ಕುಟುಂಬಗಳ ಅರ್ಧ ಸಂಸಾರ ಇದೇ ವಾಕ್ಯದ ಆಧಾರದ ಮೇಲೆ ಊರಲ್ಲಿ ಉಳಿದಿದೆ. ಅವರ ಹಿತಕ್ಕಾಗಿ ಈ ನಿಯಮಗಳು.

1. ಇಡಬಾರದ ವಸ್ತುಗಳು

ಉಗ್ರಾಣ ಸುರಕ್ಷತೆಯಲ್ಲಿ ಬೀದರ್ ನಗರಕ್ಕೆ ಮೂರೂವರೆ ಶತಮಾನದ ಅನುಭವವಿದೆ. 1657ರಲ್ಲಿ ಔರಂಗಜೇಬನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗೆ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ಬಿತ್ತು. ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟ ಗಾಯದಿಂದ ತೀರಿಕೊಂಡ, ಕೋಟೆ ಮೊಘಲರ ಪಾಲಾಯಿತು. ಮದ್ದನ್ನು ಎಲ್ಲೆಂದರಲ್ಲಿ ಇಡಬಾರದೆಂಬ ಪಾಠವನ್ನು ಅಂದು ಗೆದ್ದವರು ಕಣ್ಣಾರೆ ಕಂಡಿದ್ದರು. ಕಂಡ ಮೇಲೆ ಅವರು ಮದ್ದಿಗೆ ಹುಡುಕಿದ ಹೊಸ ಜಾಗ ಮಹಮೂದ್ ಗಾವಾನನ ಮದರಸಾ. 1472ರಲ್ಲಿ ಕಟ್ಟಿದ, ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೆಸರಾದ ವಿದ್ಯಾಲಯ ಅದು. 1690ರ ದಶಕದಲ್ಲಿ ಸಿಡಿಲು ಬಡಿದು ಮದ್ದು ಸಿಡಿಯಿತು. ಮುಂಭಾಗದ ಅರ್ಧ ಹಾರಿಹೋಯಿತು. ಇದ್ದ ಎರಡು ಮಿನಾರುಗಳಲ್ಲಿ ಒಂದು ಇಂದಿಗೂ ಪ್ರವಾಸಿಗರಿಗೆ ಸಿಗುತ್ತದೆ.

ಆದ್ದರಿಂದ ಮೊದಲ ನಿಯಮ: ತುಂಬಿದ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ದೀಪಾವಳಿಯಲ್ಲಿ ಉಳಿದ ಪಟಾಕಿ ಇವನ್ನು ನೆಂಟರ ಅಟ್ಟಕ್ಕೆ ಹಾಕಬೇಡಿ. ಓದುವ ಜಾಗವನ್ನು ಉಗ್ರಾಣ ಮಾಡುವ ಮೊಘಲ್ ಪದ್ಧತಿ ಮಾತ್ರ ಜಿಲ್ಲೆಯಲ್ಲಿ ಇನ್ನೂ ನಡೆದಿದೆ. ಮಾಮಾನ ಮಗಳು ಎಸ್ಸೆಸ್ಸೆಲ್ಸಿಗೆ ಓದುತ್ತಿರುವ ಖೋಲಿಯಲ್ಲೇ ನಿಮ್ಮ ಫ್ರಿಜ್ ನಿಲ್ಲುತ್ತದೆ. ಫಲಿತಾಂಶ ಬಂದ ದಿನ ಅದರ ಮೇಲೆ ಆರೋಪ ಬರುತ್ತದೆ. ಫೆಬ್ರುವರಿಗೆ ಮೊದಲೇ ಸ್ಥಳಾಂತರಿಸಿ.

2. ಊರಿನ ಆಯ್ಕೆ

ಬೀದರ್ ನಗರದಲ್ಲಿ ಜಾಗ ಕಡಿಮೆ, ಕಾಳಜಿ ಹೆಚ್ಚು. ಇಲ್ಲಿ ಟಿ.ವಿ., ಮಿಕ್ಸರ್, ವಾಷಿಂಗ್ ಮಷಿನ್ ಇಡಬಹುದು. “ಬಳಸದೇ ಇಟ್ರೆ ಕೆಟ್ಟು ಹೋಗ್ತದ್” ಎಂಬ ಕಾಳಜಿಯಿಂದ ಅವು ಮೂರನೇ ದಿನವೇ ಕೆಲಸಕ್ಕೆ ಹತ್ತುತ್ತವೆ. ಬಿದರಿ ಹೂದಾನಿ ಇಡುವುದಾದರೆ ಎಚ್ಚರ. ಅದರ ಕಪ್ಪು ಮೆರುಗು ಕೋಟೆಯ ಮಣ್ಣಿನಿಂದ ಬರುತ್ತದೆ. ಆಗಾಗ ಎಣ್ಣೆ ಕೈಯಿಂದ ಒರೆಸಿದರೆ ಸಾಕು, ಹಾಳಾಗುವುದಿಲ್ಲ. ಅದಕ್ಕಿರುವ ನಿಜವಾದ ಅಪಾಯ ಸನ್ಮಾನ ಸಮಾರಂಭ. ನಿಮ್ಮ ಹೂದಾನಿ ಒಂದು ಸನ್ಮಾನದಿಂದ ಇನ್ನೊಂದಕ್ಕೆ ಸಾಗುತ್ತ, ಕೊನೆಗೆ ನಿಮಗೇ ಶಾಲಿನ ಜೊತೆ ಬಂದರೆ ತಕ್ಷಣ ಸ್ವೀಕರಿಸಿ. ಸಾಮಾನು ವಾಪಸ್ ಪಡೆಯುವ ಇಷ್ಟು ಗೌರವದ ದಾರಿ ಇನ್ನೊಂದಿಲ್ಲ.

ಭಾಲ್ಕಿ ಹಿತ್ತಾಳೆ ಪಾತ್ರೆ, ಗಾದಿ, ಕುರ್ಚಿಗಳಿಗೆ ಯೋಗ್ಯ. ರೈಲು ನಿಲ್ದಾಣ ಇರುವುದರಿಂದ ಒಯ್ದಿಡುವುದು ಸುಲಭ. ಲಗ್ನದ ಸುಗ್ಗಿಯಲ್ಲಿ ನಿಮ್ಮ ಹಂಡೆ ಅಕ್ಕಪಕ್ಕದ ಹಳ್ಳಿಗಳನ್ನು ಸುತ್ತಿ ಬರುತ್ತದೆ. ಹಂಡೆಗೆ ಹೆಸರು ಕೊರೆಸಿದ್ದರೆ ಕಳೆಯುವುದಿಲ್ಲ. ಯಾವ ಯಾವ ಹೆಸರಿನ ಹಂಡೆಗಳು ನಿಮ್ಮ ಕಡೆ ಬಂದಿವೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ಔರಾದ್‌ನಲ್ಲಿ ಜಾಗಕ್ಕೆ ಬರವಿಲ್ಲ. ದನದ ಕೊಟ್ಟಿಗೆ, ಹೊಲದ ಮನೆ, ತೊಗರಿ ಕಟ್ಟಿಗೆಯ ಬಣವೆಯ ಮಗ್ಗುಲು, ಎಲ್ಲಿ ಬೇಕಾದರೂ ಇಡಬಹುದು. ಮಳೆಗಾಲದಲ್ಲಿ ನೆಲದ ತೇವ ಏರುತ್ತದೆ, ಸೋಯಾ ಚೀಲ ಒಳಗೆ ಬಂದ ಮೇಲೆ ಇಲಿಗಳು ಬರುತ್ತವೆ. ಕಪಾಟಿನ ಕಾಲಿಗೆ ಕಲ್ಲು ಕೊಡಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಹಿಂದೆ ಜೋಳ ತುಂಬಿದ ಹಗೇವು ತೆರೆದಾಗ ಹಿರಿಯರು ತಟ್ಟನೆ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆಂದು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ವರ್ಷಗಟ್ಟಲೆ ಮುಚ್ಚಿಟ್ಟ ಸಂದೂಕಕ್ಕೂ ಇದೇ ನಿಯಮ. ಅದರಿಂದ ಏಳುವುದು ಹಳೆಯ ಪಾಲಿನ ಜಗಳ. ಮೊದಲು ಯಾರನ್ನಾದರೂ ಮಾತಿಗೆ ಬಿಟ್ಟು ನೋಡಿ, ಆಮೇಲೆ ಕೈ ಹಾಕಿ.

3. ವಾಹನಗಳು

ಬೈಕನ್ನು ಬಹಳ ದಿನ ನಿಲ್ಲಿಸುವುದಾದರೆ ತೊಳೆದು ಒಣಗಿಸಿ, ಬ್ಯಾಟರಿಯ ನೆಗೆಟಿವ್ ವಯರ್ ಕಳಚಿ, ಚೈನಿಗೆ ಎಣ್ಣೆ ಹಚ್ಚಿ, ನಡುಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಟ್ಯಾಂಕಿನಲ್ಲಿ ಖಾಲಿ ಜಾಗ ಇದ್ದರೆ ತೇವ ಕೂತು ತುಕ್ಕು ಹಿಡಿಯುವುದರಿಂದ ಪೆಟ್ರೋಲ್ ತುಂಬಿಸಿಡಿ ಎಂದು ಮೆಕ್ಯಾನಿಕ್ ಹೇಳುತ್ತಾನೆ. ತಾಂತ್ರಿಕವಾಗಿ ಸರಿ. ಆದರೆ ಟ್ಯಾಂಕ್ ತುಂಬಿದ ಸುದ್ದಿ ಮಾಮಾನ ಮಗನಿಗೆ ಮುಟ್ಟಲು ತುಕ್ಕಿಗಿಂತ ಕಡಿಮೆ ಸಮಯ ಸಾಕು. ವಯರ್ ಕಳಚಿದ್ದರೂ ಪ್ರಯೋಜನವಿಲ್ಲ, ಹುಡುಗ ಐ.ಟಿ.ಐ. ಓದಿದ್ದಾನೆ.

ವಿಮೆಯ ಬಗ್ಗೆ ಅಸಡ್ಡೆ ಬೇಡ. ಕೊಟ್ಟಿಗೆಯಲ್ಲಿ ನಿಂತ ಗಾಡಿ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ ಎಂದು ವಿಮೆ ಬಿಟ್ಟವರ ಗಾಡಿ ಸಂತೆಯ ದಿನ ಕೊಟ್ಟಿಗೆಯಲ್ಲಿ ಇರುವುದಿಲ್ಲ. ಗಡಿ ತಾಲ್ಲೂಕಾದ ಔರಾದ್‌ನವರಿಗೆ ಇನ್ನೊಂದು ಮಾತು. ಮಹಾರಾಷ್ಟ್ರ, ತೆಲಂಗಾಣ ನಂಬರಿನ ಗಾಡಿ ನಮ್ಮ ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಇಲ್ಲಿನ ನಂಬರು ಪಡೆಯಬೇಕು. ಬೀದರ್‌ನಲ್ಲಿ ಕೆಎ 38, ಭಾಲ್ಕಿಯಲ್ಲಿ ಕೆಎ 39. ಹನ್ನೊಂದನೇ ತಿಂಗಳ ಕೊನೆಗೆ ಗಾಡಿಯನ್ನು ಗಡಿಯಾಚೆಯ ಉದಗೀರಕ್ಕೆ ಒಯ್ದು ಚಹಾ ಕುಡಿಸಿ ತರುವ ಪದ್ಧತಿಗೆ ಕಾನೂನಿನಲ್ಲಿ ಹೆಸರಿಲ್ಲ.

4. ಪಾಲಕರ ನಿರ್ವಹಣೆ

ಹಲವು ಕಡೆ ಉಗ್ರಾಣದ ಚಾವಿ ಇರುವುದು ವಯಸ್ಸಾದ ತಂದೆತಾಯಿ ಕೈಯಲ್ಲಿ. ವಾರಕ್ಕೊಮ್ಮೆ ಫೋನ್ ಮಾಡಿ “ಅಪ್ಪಾ, ಗಾಡಿ ಒಮ್ಮೆ ಚಾಲೂ ಮಾಡಿ ನೋಡ್ದಿ?” ಎಂದು ವಿಚಾರಿಸುವುದು ಗಾಡಿಯ ಆರೋಗ್ಯಕ್ಕೆ ಒಳ್ಳೆಯದು. ಕಿಕ್ ಹೊಡೆಯುವ ಮೊಣಕಾಲಿನ ಆರೋಗ್ಯವನ್ನೂ ಅದೇ ಕರೆಯಲ್ಲಿ ವಿಚಾರಿಸಿದರೆ ಹೆಚ್ಚಿನ ಖರ್ಚು ಬೀಳುವುದಿಲ್ಲ. ಬ್ಯಾಟರಿ ಇಳಿದರೆ ಹೊಸದು ಸಿಗುತ್ತದೆ. ಮೊಣಕಾಲಿಗೆ ಬಿಡಿಭಾಗ ಸಿಗುವುದು ಕಷ್ಟ.

5. ಕಾನೂನು

ಸಂಬಳವಿಲ್ಲದೆ ಸಾಮಾನು ಕಾಯುವವರಿಗೂ ಭಾರತೀಯ ಕರಾರು ಕಾಯ್ದೆ, 1872 ಅನ್ವಯಿಸುತ್ತದೆ. ಮಾಮಾನಿಗೆ ಇದು ಗೊತ್ತಿಲ್ಲ. ಗೊತ್ತು ಮಾಡಿಸುವುದು ಸುರಕ್ಷಿತವಲ್ಲ. 151ನೇ ಕಲಮಿನ ಪ್ರಕಾರ, ಸಾಧಾರಣ ವಿವೇಕದ ಮನುಷ್ಯ ತನ್ನ ಸಾಮಾನಿನ ಬಗ್ಗೆ ಎಷ್ಟು ಎಚ್ಚರ ವಹಿಸುತ್ತಾನೋ ಅಷ್ಟು ಎಚ್ಚರ ಸಾಕು. ಕಾನೂನಿನ ಮನಸ್ಸಿನಲ್ಲಿರುವ ಆ ವಿವೇಕಿ ಮಾಮಾನೇ ಎಂದು ಊಹಿಸಬೇಡಿ. ಮೊದಲು ಮಾಮಾನ ಸ್ವಂತ ಗಾಡಿ ನೋಡಿಕೊಂಡು ಬನ್ನಿ.

154ನೇ ಕಲಮಿನಂತೆ, ಒಪ್ಪಿದ್ದನ್ನು ಬಿಟ್ಟು ಬೇರೆ ರೀತಿಯಲ್ಲಿ ಬಳಸಿದರೆ ಆದ ನಷ್ಟಕ್ಕೆ ಇಟ್ಟುಕೊಂಡವರೇ ಹೊಣೆ. ಕಾಯ್ದೆ ಇದಕ್ಕೆ ಕುದುರೆಯ ಉದಾಹರಣೆ ಕೊಡುತ್ತದೆ: ನಿನ್ನ ಸವಾರಿಗೆಂದು ಕೊಟ್ಟ ಕುದುರೆಯನ್ನು ಮನೆಯ ಇನ್ನೊಬ್ಬನಿಗೆ ಕೊಟ್ಟರೆ, ಅವನು ಎಷ್ಟೇ ಜೋಪಾನವಾಗಿ ಓಡಿಸಿದರೂ ಕುದುರೆ ಬಿದ್ದು ಗಾಯವಾದರೆ ಪರಿಹಾರ ನೀನೇ ಕೊಡಬೇಕು. ಮಾಮಾನ ಮಗನಂಥವರು 1872ಕ್ಕೆ ಮೊದಲೂ ಇದ್ದರೆಂಬುದಕ್ಕೆ ಇದು ದಾಖಲೆ.

163ನೇ ಕಲಮು ಔರಾದ್‌ಗೆಂದೇ ಬರೆದಂತಿದೆ. ಕಾಯಲು ಬಿಟ್ಟ ಆಕಳು ಕರು ಹಾಕಿದರೆ ಕರುವೂ ನಿಮ್ಮದೇ. ಆದರೆ ಪುಕ್ಕಟೆ ಕಾದವರ ಅಗತ್ಯ ಖರ್ಚನ್ನು ನೀವು ತುಂಬಿಕೊಡಬೇಕೆಂದು 158ನೇ ಕಲಮು ಹೇಳುತ್ತದೆ. ಕಣಕಿಯ ಲೆಕ್ಕ ಹಿಡಿದರೆ ಕರು ಅಲ್ಲೇ ಉಳಿಯುವುದು ಲೇಸು.

6. ಅವಧಿ ಮತ್ತು ಮರಳಿ ಪಡೆಯುವುದು

ಇಂಥ ಪುಕ್ಕಟೆ ಒಪ್ಪಂದ ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ ಮುಗಿಯುತ್ತದೆ ಎನ್ನುತ್ತದೆ 162ನೇ ಕಲಮು. ನಮ್ಮಲ್ಲಿ ಅದು ಆಗ ಎರಡನೇ ತಲೆಮಾರಿಗೆ ನವೀಕರಣಗೊಳ್ಳುತ್ತದೆ. ಸಾಮಾನು ಕೇಳಲು ಹೋದವರಿಗೆ “ಯಾಕ್ರಿ, ನಮ್ಮ ಮ್ಯಾಲ ಭರವಸಿ ಇಲ್ಲೇನ್?” ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಸರಿಯಾದ ಉತ್ತರ ಈವರೆಗೆ ಯಾರಿಗೂ ಸಿಕ್ಕಿಲ್ಲ. ಊಟ ಮಾಡಿ, ಇನ್ನೊಂದು ಪೆಟ್ಟಿಗೆ ಇಟ್ಟು ಬರುವುದೇ ರೂಢಿ.

ಇಷ್ಟಾದರೂ ಹಟ ಹಿಡಿದು ಹೊರಡುವವರು, ಮೊದಲು ತಮ್ಮ ಮನೆಯಲ್ಲಿ ಮಾಮಾ ಇಟ್ಟುಹೋದ ಸಂದೂಕವನ್ನು ಹುಡುಕಿ ತೆಗೆಯಬೇಕು. ಅದರ ಮೇಲೆ ನಿಮ್ಮ ಟಿ.ವಿ. ಕೂತಿದ್ದರೆ, 154ನೇ ಕಲಮನ್ನು ಇನ್ನೊಮ್ಮೆ ನಿಧಾನವಾಗಿ ಓದಿ.